ಸೆಕೆಂಡ್ ಬಂದ ಮಾತ್ರಕ್ಕೆ ಡರ್ಬಿ ಕುದುರೆ ಆಗುತ್ತಾ?

ಪ್ರಶ್ನೆ: ಸರ್, ನಾವು ಮೂರು ಜನ ಫ್ರೆಂಡ್ಸ್ ಸೇರ್ಕೊಂಡು ಒಂದು ಫಿಲ್ಲಿ, ಅಂದ್ರೆ ಎಳೇ ಹೆಣ್ಣು ರೇಸ್ ಕುದುರೆ, ತಗೊಂಡಿದೀವಿ. ಲೆಕ್ಕಕ್ಕೆ ಮೂರು ವರ್ಷ, ಹುಟ್ಟಿದ್ದು ಏಪ್ರಿಲ್ ಕೊನೇಲಿ. ಬೆಂಗಳೂರಲ್ಲಿ ಮೂರು ಸಲ ಓಡಿದೆ, ಮೂರೂ 1200 ಮೀಟರ್. ಜನವರೀಲಿ, ಚಳಿಗಾಲದ ಸೀಸನ್ನಲ್ಲಿ, ಏಳನೇದು, ಮೇ ತಿಂಗಳಲ್ಲಿ ನಾಲ್ಕನೇದು, ಹೋದ ತಿಂಗಳು, ಜೂನಲ್ಲಿ, ಮೊದಲ ಸಲ ಬ್ಲಿಂಕರ್ಸ್ (ಅಕ್ಕಪಕ್ಕ ಕಾಣದ ಹಾಗೆ ಕಣ್ಣಿಗೆ ಕಟ್ಟೋ ಮರೆ) ಹಾಕಿ ಓಡಿಸಿದಾಗ ಮುಕ್ಕಾಲು ಲೆಂತಲ್ಲಿ (ಒಂದು ಲೆಂತ್ ಅಂದ್ರೆ ಒಂದು ಕುದುರೆ ಉದ್ದ) ಸೆಕೆಂಡ್. ಕೊನೇಲಿ ಹಾರ್ಕೊಂಡು ಬಂತು, ಇನ್ನು ನೂರು ಮೀಟರ್ ಇದ್ದಿದ್ರೆ ಗೆದ್ದೇ ಬಿಡ್ತಿತ್ತು. ಮೊನ್ನೆ ಬೆಳಿಗ್ಗೆ ವರ್ಕಲ್ಲಿ, ಅಂದ್ರೆ ಪ್ರಾಕ್ಟೀಸ್ ಓಟದಲ್ಲಿ, ಇನ್ನರ್ ಸ್ಯಾಂಡಲ್ಲಿ (ಒಳಗಿನ ಮರಳು ಟ್ರ್ಯಾಕಲ್ಲಿ) 600 ಮೀಟರ್ 38 ಸೆಕೆಂಡಿಗೆ ಬಂದಿದೆ. ಅಪ್ಪನ ಮಕ್ಕಳು ಜಾಸ್ತಿ 1200-1400ರಲ್ಲಿ ಗೆಲ್ತಾವೆ, ತಾಯಿ 1600 ಗೆದ್ದಿತ್ತು. ಟ್ರೈನರ್ ಡರ್ಬಿಗೆ, ಅಷ್ಟು ದೊಡ್ಡ ರೇಸಿಗೆ, ಎಂಟ್ರಿ ಹಾಕೋಣ ಅಂತಿದಾರೆ, ಒಬ್ಬ ಫ್ರೆಂಡ್ ಈಗ್ಲೇ ಒಳ್ಳೆ ರೇಟ್ ಬರುತ್ತೆ ಮಾರಿಬಿಡೋಣ ಅಂತಾನೆ. ವಿಡಿಯೋ ಕಳ್ಸಿದೀನಿ, ನೀವೇನಂತೀರಾ?

ಉತ್ತರ: ವಿಡಿಯೋ ಮೂರನ್ನೂ ನೋಡಿದೆ, ಮೂರನೇದನ್ನ ನಾಲ್ಕು ಸಲ ನೋಡಿದೆ. ಮೊದ್ಲೇ ಹೇಳ್ಬಿಡ್ತೀನಿ, ನಿಮ್ಮ ಫಿಲ್ಲಿ ನಂಗೆ ಇಷ್ಟ ಆಯ್ತು, ಆದ್ರೆ ನೀವು ಯಾವ ಕಾರಣಕ್ಕೆ ಇಷ್ಟ ಪಡ್ತಿದೀರೋ ಆ ಕಾರಣಕ್ಕಲ್ಲ.

"ಇನ್ನು ನೂರು ಮೀಟರ್ ಇದ್ದಿದ್ರೆ" ಅನ್ನೋ ಮಾತಿಂದನೇ ಶುರು ಮಾಡೋಣ, ಯಾಕಂದ್ರೆ ರೇಸ್‌ಕೋರ್ಸ್ ಕಾಂಪೌಂಡ್ ಒಳಗೆ ಈ ಮೂವತ್ತು ವರ್ಷದಲ್ಲಿ ನಾನು ಅತಿ ಹೆಚ್ಚು ಕೇಳಿರೋ ಮಾತು ಅದು. ಕೊನೇಲಿ ಹಾರ್ಕೊಂಡು ಬರೋ ಕುದುರೆ ನಿಜವಾಗ್ಲೂ ವೇಗ ಜಾಸ್ತಿ ಮಾಡ್ಕೊಂಡು ಬರ್ತಿದೆ ಅಂತ ನಮ್ಮ ಕಣ್ಣಿಗೆ ಅನ್ಸುತ್ತೆ, ಆದ್ರೆ 1200 ಮೀಟರ್ ರೇಸಲ್ಲಿ ಕೊನೇ 200ಕ್ಕೆ ಬರೋ ಹೊತ್ತಿಗೆ ಹೆಚ್ಚು ಕಡಿಮೆ ಎಲ್ಲ ಕುದುರೆನೂ ನಿಧಾನ ಆಗ್ತಿರುತ್ತೆ, ಯಾವುದು ಕಡಿಮೆ ನಿಧಾನ ಆಗ್ತಿದೆಯೋ ಅದು ಹಾರಿ ಬಂದ ಹಾಗೆ ಕಾಣುತ್ತೆ ಅಷ್ಟೆ. ಲೆಕ್ಕದಲ್ಲಿ ನೋಡಿ. ಮುಂದಿದ್ದ ಕುದುರೆ ಮೊದಲ 600ನ್ನ 35 ಸೆಕೆಂಡಿಗೆ ಓಡಿ ಉಸಿರು ಕಟ್ಟಿ ಉಳಿದ 600ಕ್ಕೆ 39 ತಗೊಂಡ್ತು ಅನ್ಕೊಳಿ, ಒಟ್ಟು 1 ನಿಮಿಷ 14. ಹಿಂದಿದ್ದದ್ದು ಮೊದಲರ್ಧ 36.5, ಎರಡನೇದು 37.65, ಒಟ್ಟು 1 ನಿಮಿಷ 14.15. ಒಂದು ಲೆಂತಿಗೆ ಸುಮಾರು ಆರನೇ ಒಂದು ಸೆಕೆಂಡ್ ಅಂತ ಹಿಡಿದ್ರೆ ಇದು ನಿಮ್ಮ ಮುಕ್ಕಾಲು ಲೆಂತಿನ ಹತ್ತಿರ ಹತ್ತಿರ. ಅರ್ಧ ದಾರೀಲಿ ಎಂಟೊಂಬತ್ತು ಲೆಂತ್ ಹಿಂದೆ ಇದ್ದದ್ದು ಕೊನೇಲಿ ಕುತ್ತಿಗೆ ಹತ್ರ ಬಂದ್ರೆ ಸ್ಟ್ಯಾಂಡಲ್ಲಿರೋರು ಕುರ್ಚಿ ಬಿಟ್ಟು ಏಳ್ತಾರೆ, ಆದ್ರೆ ಅದು ಕೂಡ ಎರಡನೇ ಅರ್ಧದಲ್ಲಿ ನಿಧಾನವೇ ಆಗಿದೆ. ಹಾಗಾಗಿ ಈ ಥರ ಸೆಕೆಂಡ್ ಬಂದ ಕುದುರೆನ ನಂಬಿ ಮುಂದಿನ ರೇಸಿಗೆ ಫೇವರಿಟ್ ಮಾಡಿ, ಆ ಸಲ ಮುಂದೆ ಯಾರೂ ಹುಚ್ಚುಹುಚ್ಚಾಗಿ ಓಡದೆ ನಿಧಾನಕ್ಕೆ ಹೋದ್ರೆ, ಇದು ಮತ್ತೆ ನಾಲ್ಕನೇದೋ ಐದನೇದೋ ಬರುತ್ತೆ, ಆಮೇಲೆ ಜಾಕಿ ಬೇಕಂತಲೇ ಲಗಾಮು ಎಳ್ದು ಸೋಲಿಸ್ದ ಅಂತ ಬೈಗುಳ.

ನಿಮ್ಮ ರೇಸಲ್ಲಿ ಏನಾಯ್ತು ಅಂತ ನಾನು ವಿಡಿಯೋ ನಿಲ್ಲಿಸಿ ನಿಲ್ಲಿಸಿ ಫೋನಿನ ಸ್ಟಾಪ್‌ವಾಚಲ್ಲಿ ಹಿಡಿದೆ, ಕರಾರುವಾಕ್ಕಾಗಿ ಬರಲ್ಲ ಆದ್ರೂ ಅಂದಾಜು ಸಿಗುತ್ತೆ. ಮುಂದಿದ್ದ ಎರಡು ಕುದುರೆ ಒಂದಕ್ಕೊಂದು ಜಿದ್ದಿಗೆ ಬಿದ್ದು ಓಡಿದಾವೆ ನಿಜ, ಆದ್ರೆ ನಾನು ಹೆದರ್ಕೊಂಡಷ್ಟು ಹುಚ್ಚು ಪೇಸ್ ಅಲ್ಲ. ಅರ್ಧದಷ್ಟು ಸಹಾಯ ಪೇಸಿಂದ ಸಿಕ್ಕಿದೆ, ಇನ್ನರ್ಧ ಕುದುರೇದೇ. ಅದರ ಮೇಲೆ ಬೆಂಡಲ್ಲಿ, ಅಂದ್ರೆ ತಿರುವಲ್ಲಿ, ನಿಮ್ಮ ಫಿಲ್ಲಿ ಒಳಗಿನ ರೇಲಿಂದ (ಬೇಲಿಯಿಂದ) ನಾಲ್ಕನೇ ಕುದುರೆಯಾಗಿ ಹೊರಗಡೆ ಸುತ್ತಿಕೊಂಡು ಬಂದಿದೆ. ಇದನ್ನ ಜನ ಲೆಕ್ಕಕ್ಕೇ ತಗೊಳಲ್ಲ. ಹೈಸ್ಕೂಲ್ ಗಣಿತ ಇದು, ಅರ್ಧ ಸುತ್ತು ತಿರುಗೋ ಬೆಂಡಾದ್ರೆ ಒಂದೊಂದು ಮೀಟರ್ ಹೊರಗೆ ಹೋದಷ್ಟಕ್ಕೂ ಮೂರು ಮೀಟರ್ ಚಿಲ್ಲರೆ ಜಾಸ್ತಿ ಓಡ್ಬೇಕು, ಕಾಲು ಸುತ್ತಾದ್ರೆ ಅದರರ್ಧ. ಒಂದು ಲೆಂತ್ ಅಂದ್ರೆ ಎರಡೂವರೆ ಮೀಟರ್ ಒಳಗೇ. ಅಂದ್ರೆ ಸೋತಿದ್ದಕ್ಕಿಂತ ಜಾಸ್ತಿ ದೂರನ ಅದು ಬೆಂಡಲ್ಲೇ ಕೊಟ್ಟು ಬಂದಿದೆ. ಇದು ಅದರ ಕಡೆ ಲೆಕ್ಕಕ್ಕೆ ಬರ್ಕೊಳಿ.

ನಂಗೆ ನಿಜವಾಗ್ಲೂ ಇಷ್ಟ ಆಗಿದ್ದು ಇನ್ನೊಂದು ವಿಷಯ, ಅದನ್ನ ನೀವು ಗಮನಿಸಿಲ್ಲ ಅನ್ಸುತ್ತೆ. ಬೆಂಗಳೂರಲ್ಲಿ ಬಲಕ್ಕೆ ತಿರುಗಿ ಓಡೋದು. ಬಲದ ಬೆಂಡಲ್ಲಿ ಕುದುರೆ ಬಲ ಮುಂಗಾಲನ್ನ ಮುಂದೆ ಚಾಚಿ ಓಡುತ್ತೆ, ನೇರ ದಾರಿಗೆ ಬಂದ ಮೇಲೆ ಆ ಕಾಲು ದಣಿದಿರುತ್ತಲ್ಲ, ಎಡಗಾಲಿಗೆ ಬದಲಾಯಿಸ್ಕೋಬೇಕು, ಲೀಡ್ ಚೇಂಜ್ ಅಂತೀವಿ. ಭಾರದ ಚೀಲ ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸ್ಕೊಂಡ ಹಾಗೆ. ಅನುಭವ ಇರೋ ಕುದುರೆ ತಾನೇ ಮಾಡುತ್ತೆ, ಎಳೇ ಕುದುರೆಗೆ ಗೊತ್ತಿರಲ್ಲ. ಮೇ ತಿಂಗಳ ರೇಸಲ್ಲಿ ನಿಮ್ಮದು ಕೊನೇವರೆಗೂ ಬಲಗಾಲಲ್ಲೇ ಓಡಿ, ಸುಸ್ತಾಗಿ ಒಳಗಡೆ ವಾಲ್ಕೊಂಡು ಹೋಗಿದೆ, ಜಾಕಿ ಅದನ್ನ ನೇರ ಮಾಡೋದ್ರಲ್ಲೇ ಕೊನೇ 150 ಮೀಟರ್ ಕಳ್ದಿದಾನೆ. ಜೂನ್ ರೇಸಲ್ಲಿ ಸುಮಾರು 300 ಮೀಟರ್ ಬಾಕಿ ಇರೋವಾಗ ಯಾರೂ ಹೇಳದೆ ಎಡಗಾಲಿಗೆ ಬಂತು ನೋಡಿ, ಅಲ್ಲಿಂದ ಓಟನೇ ಬೇರೆ. ಏಳು, ನಾಲ್ಕು, ಎರಡು ಅನ್ನೋ ಅಂಕಿಗಿಂತ ಇದು ದೊಡ್ಡ ಸುದ್ದಿ, ಕಲೀತಾ ಇರೋ ಕುದುರೆ.

ಬ್ಲಿಂಕರ್ಸ್ ವಿಷಯದಲ್ಲಿ ಮಾತ್ರ ಸ್ವಲ್ಪ ಹುಷಾರು. ಮೊದಲ ಸಲ ಹಾಕಿದಾಗ ಕೆಲವು ಕುದುರೆ ಬೆಚ್ಚಿಬಿದ್ದು ಚೆನ್ನಾಗಿ ಓಡಿ, ಎರಡನೇ ಮೂರನೇ ಸಲಕ್ಕೆ ಅಭ್ಯಾಸ ಆಗಿ ಹಳೇ ಥರಾನೇ ಆಗ್ಬಿಡ್ತಾವೆ. ಹಾಗಾಗಿ ನಾಲ್ಕಿಂದ ಎರಡಕ್ಕೆ ಬಂದ ಸುಧಾರಣೇಲಿ ಎಷ್ಟು ಪಾಲು ಬುದ್ಧಿ ಬಂದಿದ್ದು, ಎಷ್ಟು ಪಾಲು ಬ್ಲಿಂಕರ್ಸಿಂದು ಅನ್ನೋದು ಮುಂದಿನ ರೇಸಲ್ಲೇ ಗೊತ್ತಾಗೋದು.

ಇನ್ನು ತೂಕ. ಗೆದ್ದ ಕೋಲ್ಟ್, ಅಂದ್ರೆ ಎಳೇ ಗಂಡು ಕುದುರೆ, 56 ಕೆಜಿ ಹೊತ್ತಿತ್ತು, ನಿಮ್ಮದು 54.5. ಹೆಣ್ಣು ಅಂತ ಒಂದೂವರೆ ಕೆಜಿ ರಿಯಾಯಿತಿ ಸಿಕ್ಕಿದೆ. 1200 ಮೀಟರಲ್ಲಿ ಒಂದು ಲೆಂತ್ ಅಂದ್ರೆ ಒರಟಾಗಿ ಒಂದು ಕೆಜಿ ಚಿಲ್ಲರೆ, 1600ರಲ್ಲಿ ಒಂದು ಕೆಜಿ ಒಳಗೆ, 2400ರಲ್ಲಿ ಅರ್ಧ ಕೆಜಿ ಚಿಲ್ಲರೆ, ದೂರ ಜಾಸ್ತಿ ಆದಷ್ಟೂ ಒಂದೊಂದು ಲೆಂತಿನ ಬೆಲೆ ಕಡಿಮೆ. ಹಾಗೆ ನೋಡಿದ್ರೆ ಇಬ್ಬರಿಗೂ ಸಮ ತೂಕ ಇದ್ದಿದ್ರೆ ನಿಮ್ಮದು ಎರಡು ಲೆಂತಲ್ಲಿ ಸೋಲ್ತಿತ್ತು. ಟರ್ಮ್ಸ್ ರೇಸ್, ಅಂದ್ರೆ ವಯಸ್ಸು, ಗಂಡೋ ಹೆಣ್ಣೋ ಇಂಥದ್ದು ನೋಡಿ ತೂಕ ಹಾಕೋ ರೇಸ್, ಇರೋವರೆಗೂ, ಡರ್ಬಿ ಥರದ ಕ್ಲಾಸಿಕ್ಕಲ್ಲೂ, ಈ ರಿಯಾಯಿತಿ ಇರುತ್ತೆ. ಆದ್ರೆ ಒಂದು ಸಲ ಹ್ಯಾಂಡಿಕ್ಯಾಪಿಗೆ, ಅಂದ್ರೆ ಕುದುರೆಯ ರೇಟಿಂಗ್ ನೋಡಿ ತೂಕ ಹೊರಿಸೋ ರೇಸಿಗೆ, ಬಂದ್ರೆ ಗಂಡು ಹೆಣ್ಣು ಲೆಕ್ಕ ಇಲ್ಲ, ರೇಟಿಂಗಿನ ಒಂದು ಪಾಯಿಂಟಿಗೆ ಅರ್ಧ ಕೆಜಿ, ಮುಗೀತು.

ಆದ್ರೆ ಆ ಕೋಲ್ಟ್ ಎಂಥದ್ದು? ಇದೇ ಅಸಲು ಪ್ರಶ್ನೆ, ಇದನ್ನ ನೀವು ಕೇಳೇ ಇಲ್ಲ. ಮೇಡನ್ ರೇಸಲ್ಲಿ, ಅಂದ್ರೆ ಯಾರೂ ಇನ್ನೂ ಗೆದ್ದಿಲ್ಲದ ಕುದುರೆಗಳ ರೇಸಲ್ಲಿ, ಎಷ್ಟನೇದಾಗಿ ಬಂತು ಅನ್ನೋದಕ್ಕೆ ಆವತ್ತು ಬೆಲೆ ಕಟ್ಟೋಕೆ ಆಗಲ್ಲ. ಎರಡು ಮೂರು ತಿಂಗಳು ಬಿಟ್ಟು ಅದೇ ರಿಸಲ್ಟ್ ತೆಗೆದು, ಆವತ್ತು ಅದರ ಜೊತೆ ಓಡಿದವೆಲ್ಲ ಆಮೇಲೆ ಏನ್ ಮಾಡಿದ್ವು ಅಂತ ನೋಡ್ಬೇಕು. ಇಂಗ್ಲೆಂಡಿನ ಫ್ರಾಂಕೆಲ್ ಗೊತ್ತಲ್ಲ, 14 ರೇಸ್ ಓಡಿ 14ನ್ನೂ ಗೆದ್ದ ಕುದುರೆ. ಅದರ ಮೊದಲ ರೇಸ್ 2010ರ ಆಗಸ್ಟ್ 13, ನ್ಯೂಮಾರ್ಕೆಟಲ್ಲಿ. ಗೆದ್ದಿದ್ದು ಬರೀ ಅರ್ಧ ಲೆಂತಲ್ಲಿ. ಅರ್ಧ ಲೆಂತ್ ಅಂದ್ರೆ ಏನ್ ಮಹಾ ಅನ್ಸುತ್ತೆ. ಆದ್ರೆ ಆವತ್ತು ಸೆಕೆಂಡ್ ಬಂದಿದ್ದು ನಥಾನಿಯಲ್, ಅದು ಮುಂದಿನ ವರ್ಷ ಆಸ್ಕಟಲ್ಲಿ ಕಿಂಗ್ ಜಾರ್ಜ್ ಗೆಲ್ತು, 2012ರಲ್ಲಿ ಎಕ್ಲಿಪ್ಸ್ ಗೆಲ್ತು, ಎರಡೂ ಅಲ್ಲಿನ ಬಹಳ ದೊಡ್ಡ ರೇಸು. ಆಗ ಹಿಂದೆ ತಿರುಗಿ ನೋಡಿದ್ರೆ ಆ ಸಣ್ಣ ಮೇಡನ್ ರೇಸು ಸಣ್ಣದೇ ಅಲ್ಲ. ಇದಕ್ಕೆ ಉಲ್ಟಾ ನಮ್ಮಲ್ಲಿ ಎಷ್ಟೋ ನೋಡಿದೀನಿ, ಎಂಟು ಲೆಂತಲ್ಲಿ ಗೆದ್ದು ಕುಣಿದಾಡಿಸಿದ ಕುದುರೆ, ಆಮೇಲೆ ನೋಡಿದ್ರೆ ಆ ರೇಸಲ್ಲಿ ಹಿಂದೆ ಬಿದ್ದ ಒಂದೂ ಮುಂದೆ ಎಲ್ಲೂ ಗೆಲ್ಲಲಿಲ್ಲ, ಕುಂಟರ ಊರಲ್ಲಿ ಓಡಿ ಗೆದ್ದ ಹಾಗೆ.

ಹಾಗಾಗಿ ಕೂತ್ಕೊಂಡು ಒಂದು ನೋಟ್‌ಬುಕ್ಕಲ್ಲಿ ಮೇ ಮತ್ತೆ ಜೂನ್ ಎರಡು ರೇಸಲ್ಲೂ ಓಡಿದ ಎಲ್ಲ ಕುದುರೆ ಹೆಸರು ಬರೀರಿ, ಮುಂದೆ ಅದು ಎಲ್ಲಿ ಓಡ್ತು, ಎಷ್ಟು ದೂರ, ಎಷ್ಟು ತೂಕ, ಎಷ್ಟನೇದು. ನಾನು ಮೇ ರೇಸಿಂದು ಮಾತ್ರ ನೋಡಿದೆ, ಅದರಲ್ಲಿ ನಿಮ್ಮ ಮುಂದೆ ಬಂದ ಮೂರರಲ್ಲಿ ಎರಡು ಆಗ್ಲೇ ಮತ್ತೆ ಓಡಿ ಒಂದು ಗೆದ್ದಿದೆ, ಒಂದು ಥರ್ಡ್. ಅದಕ್ಕೆ ಆ ನಾಲ್ಕನೇ ಸ್ಥಾನನ ನಾನು ಈಗ ಮೇ ತಿಂಗಳಲ್ಲಿ ಕಂಡಿದ್ದಕ್ಕಿಂತ ಮೇಲೆ ಇಡ್ತೀನಿ. ಜೂನ್ ರೇಸಿನವು ಇನ್ನೂ ಓಡ್ಬೇಕು, ಕಾಯ್ರಿ.

ಈಗ ಆ 38 ಸೆಕೆಂಡ್. ದಯವಿಟ್ಟು ಅದನ್ನ ಮರೆತುಬಿಡಿ. ಬೆಳಗಿನ ವರ್ಕ್ ಟೈಮಿಂಗು ಪೇಪರಲ್ಲಿ ಓದೋಕೆ ಚಂದ, 'ಮೂವ್ಡ್ ಫ್ರೀಲಿ', 'ಇಂಪ್ರೆಸ್ಡ್' ಅಂತ ಬರ್ದಿರ್ತಾರೆ. ಇನ್ನರ್ ಸ್ಯಾಂಡಲ್ಲಿ 38 ಅಂದ್ರೆ ಒಂದು, ಅದೇ ಔಟರ್ ಸ್ಯಾಂಡಲ್ಲಿ 43-44 ಬಂದ್ರೂ ಚೆನ್ನಾಗಿದೆ ಅಂತೀವಿ, ಮೇಲೆ ಕೂತಿದ್ದು 50 ಕೆಜಿ ಜಾಕಿನೋ 65 ಕೆಜಿ ರೈಡಿಂಗ್ ಬಾಯೋ, ಕೈಯಲ್ಲಿ ಲಗಾಮು ಹಿಡಿದು ಬಂದಿದ್ದಾ ಒದ್ದುಕೊಂಡು ಬಂದಿದ್ದಾ, ಜೊತೆಗೆ ಯಾವ ಕುದುರೆ ಇತ್ತು, ಇದೆಲ್ಲ ಗೊತ್ತಿಲ್ಲದೆ ಸೆಕೆಂಡ್ ಇಟ್ಕೊಂಡು ಏನ್ ಮಾಡೋದು? 2006ರ ಫೆಬ್ರವರೀಲಿ ಅಮೆರಿಕದ ಫ್ಲಾರಿಡಾದಲ್ಲಿ ದಿ ಗ್ರೀನ್ ಮಂಕಿ ಅಂತ ಎರಡು ವರ್ಷದ ಕೋಲ್ಟ್ ಹರಾಜಿಗೆ ಬಂತು, ಹರಾಜಿಗೆ ಮುಂಚೆ ಒಂದು ಫರ್ಲಾಂಗನ್ನ, ಅಂದ್ರೆ ಸುಮಾರು 200 ಮೀಟರನ್ನ, 9.8 ಸೆಕೆಂಡಿಗೆ ಓಡಿ ತೋರಿಸ್ತು. ಜನ ಬಾಯಿ ಬಿಟ್ಕೊಂಡು ನೋಡಿದ್ರು, 1 ಕೋಟಿ 60 ಲಕ್ಷ ಡಾಲರಿಗೆ ಹೋಯ್ತು. ಅದು ಜೀವನದಲ್ಲಿ ಓಡಿದ್ದು ಮೂರೇ ರೇಸ್, ಒಂದೂ ಗೆಲ್ಲಲಿಲ್ಲ, ಗಳಿಸಿದ್ದು 10,440 ಡಾಲರ್. ಅದೇ ಅಮೆರಿಕದಲ್ಲಿ ಸಿಯಾಟಲ್ ಸ್ಲೂ ಅನ್ನೋ ಕುದುರೆನ ಬರೀ 17,500 ಡಾಲರಿಗೆ ತಗೊಂಡಿದ್ರು, 1977ರಲ್ಲಿ ಟ್ರಿಪಲ್ ಕ್ರೌನ್, ಅಂದ್ರೆ ಅಲ್ಲಿನ ಮೂರು ದೊಡ್ಡ ರೇಸನ್ನೂ, ಗೆಲ್ತು. ನಾನೇ ಒಂದು ಕೋಲ್ಟಲ್ಲಿ ಕಾಲು ಪಾಲು ಹಾಕಿದ್ದೆ ಬಹಳ ಹಿಂದೆ, ಬೆಳಿಗ್ಗೆ ಆರು ಗಂಟೆಗೆ ಅದರ ಮುಂದೆ ಯಾವ ಕುದುರೆನೂ ನಿಲ್ತಿರ್ಲಿಲ್ಲ, ಮಧ್ಯಾಹ್ನ ಪ್ಯಾಡಾಕಲ್ಲಿ, ಅಂದ್ರೆ ರೇಸಿಗೆ ಮುಂಚೆ ಕುದುರೆಗಳನ್ನ ತೋರಿಸೋ ಜಾಗದಲ್ಲಿ, ಜನ ಕಂಡ ಕೂಡ್ಲೇ ಹಿಂದಿನ ತೊಡೆ ಸಂದಿಂದ ನೊರೆ ನೊರೆ ಬೆವರು, ಗೇಟಿಗೆ ಹೋಗೋ ಅಷ್ಟ್ರಲ್ಲಿ ರೇಸ್ ಮುಗಿಸ್ಬಿಟ್ಟಿರ್ತಿತ್ತು. ಮನೇಲಿ ಇವತ್ತಿಗೂ ಆ ಕುದುರೆ ಹೆಸರು ಎತ್ತೋ ಹಾಗಿಲ್ಲ.

ಏಳನೇ ಸ್ಥಾನ ಬಂದ ಮೊದಲ ರೇಸನ್ನೂ ಬಿಟ್ಟಾಕಿ. ಭಾರತದಲ್ಲಿ ಎಲ್ಲ ರೇಸ್ ಕುದುರೆಗೂ ಹುಟ್ಟುಹಬ್ಬ ಜನವರಿ 1. ಏಪ್ರಿಲ್ ಕೊನೇಲಿ ಹುಟ್ಟಿದ ನಿಮ್ಮದು ಆ ರೇಸಿನ ದಿನ ಕಾಗದದ ಮೇಲೆ ಮೂರು, ನಿಜದಲ್ಲಿ ಸುಮಾರು ಎರಡು ವರ್ಷ ಒಂಬತ್ತು ತಿಂಗಳು. ಜನವರೀಲಿ ಹುಟ್ಟಿದ ಕೋಲ್ಟ್‌ಗಳ ಜೊತೆ ಅದನ್ನ ಓಡಿಸೋದು ಅಂದ್ರೆ ಒಂದನೇ ಕ್ಲಾಸಿನ ಮಗೂನ ಎರಡನೇ ಕ್ಲಾಸಿನ ಸ್ಪೋರ್ಟ್ಸ್ ಡೇಗೆ ನಿಲ್ಲಿಸಿದ ಹಾಗೆ, ಈ ವ್ಯತ್ಯಾಸ ವರ್ಷ ಕಳೆದ ಹಾಗೆ ಕಮ್ಮಿ ಆಗುತ್ತೆ. ಮೊದಲ ರೇಸಲ್ಲಿ ಎಡವೋದು ದೊಡ್ಡವರ ಮನೇಲೂ ಇದ್ದಿದ್ದೇ, ಸೆಕ್ರೆಟೇರಿಯಟ್ ಅಂಥ ಕುದುರೆ 1972ರ ಜುಲೈ 4ರಂದು ಮೊದಲ ಸಲ ಓಡಿದಾಗ ಶುರುವಲ್ಲೇ ಪಕ್ಕದವನು ಗುದ್ದಿ ನಾಲ್ಕನೇದಾಗಿ ಬಂತು, ಮಾರನೇ ವರ್ಷ ಬೆಲ್ಮಾಂಟ್ ಅನ್ನೋ ದೊಡ್ಡ ರೇಸನ್ನ 31 ಲೆಂತಲ್ಲಿ ಗೆಲ್ತು. ಹಾಗಂತ ನಾಲ್ಕನೇದು ಬಂದದ್ದೆಲ್ಲ ಸೆಕ್ರೆಟೇರಿಯಟ್ ಅಲ್ಲ, ಇದನ್ನೂ ಸೇರಿಸಿ ಹೇಳ್ಬೇಕು ನಿಮಗೆ!

ಡರ್ಬಿ ವಿಷಯಕ್ಕೆ ಬರ್ತೀನಿ. ಟ್ರೈನರ್ ಎಂಟ್ರಿ ಹಾಕೋಣ ಅಂದಿದ್ದಕ್ಕೆ ಜಾಸ್ತಿ ಅರ್ಥ ಹಚ್ಚಬೇಡಿ. ಕ್ಲಾಸಿಕ್ ರೇಸಿಗೆ ಬಹಳ ಮುಂಚೆನೇ ಎಂಟ್ರಿ ಕೊಡ್ಬೇಕು, ಆಮೇಲೆ ಹಂತ ಹಂತವಾಗಿ ದುಡ್ಡು ಕಟ್ಕೊಂಡು ಹೋಗ್ಬೇಕು, ಬೇಡ ಅನ್ಸಿದಾಗ ಕುದುರೆ ಹೆಸರು ವಾಪಸ್ ತೆಗೀಬಹುದು. ಎಂಟ್ರಿ ಅನ್ನೋದು ಬಸ್ಸಿನ ಸೀಟಿಗೆ ಟವಲ್ ಹಾಕೋ ಥರ. ಇಂಗ್ಲೆಂಡಲ್ಲಿ ಎಪ್ಸಮ್ ಡರ್ಬಿ ಮೂರು ವರ್ಷದ ಕುದುರೆ ಜೂನಲ್ಲಿ ಓಡುತ್ತೆ, ನಮ್ಮ ಇಂಡಿಯನ್ ಡರ್ಬಿ ಮುಂಬೈನ ಮಹಾಲಕ್ಷ್ಮಿಯಲ್ಲಿ ಫೆಬ್ರವರಿಗೆ, ನಾಲ್ಕಕ್ಕೆ ಬಿದ್ದ ಕುದುರೆಗೆ, ಹಾಗಾಗಿ ಬೆಳೆಯೋಕೆ ಟೈಮ್ ಇದೆ. ಹೆಣ್ಣು ಗೆಲ್ಲಲ್ಲ ಅಂತಾನೂ ಇಲ್ಲ, 1943ರಲ್ಲಿ ಮೊಟ್ಟಮೊದಲ ಇಂಡಿಯನ್ ಡರ್ಬಿ ಗೆದ್ದಿದ್ದೇ ಪ್ರಿನ್ಸೆಸ್ ಬ್ಯೂಟಿಫುಲ್ ಅನ್ನೋ ಫಿಲ್ಲಿ, 2010ರಲ್ಲಿ ಜಾಕ್ವೆಲಿನ್ ಗೆಲ್ತು. ತೊಂದ್ರೆ ಇರೋದು ದೂರದಲ್ಲಿ. 2400 ಮೀಟರ್! ಅಪ್ಪನ ಮಕ್ಕಳು 1200-1400, ಅಮ್ಮ 1600 ಅಂತ ನೀವೇ ಬರ್ದಿದೀರಿ. ಕೊನೇಲಿ ನಿಧಾನ ಆಗದೆ ಬಂತು ಅಂದ ತಕ್ಷಣ ಅದಕ್ಕೆ 2400 ದಮ್ಮಿದೆ ಅಂತಲ್ಲ, 1400ಕ್ಕೆ ಖಂಡಿತ, 1600ಕ್ಕೆ ಇರಬಹುದು ಅಂತ ಅಷ್ಟೆ. ದೂರ ಅನ್ನೋದು ಬಹಳ ಮಟ್ಟಿಗೆ ರಕ್ತದಲ್ಲೇ ಬರ್ದಿರುತ್ತೆ. 2010ರಲ್ಲಿ ಡಬ್ಲಿನ್ನಿನ ವಿಜ್ಞಾನಿಗಳು ಮಯೋಸ್ಟಾಟಿನ್ ಅನ್ನೋ ಜೀನ್ ನೋಡಿ ಇದು ಸ್ಪ್ರಿಂಟರ್, ಇದು ಮಧ್ಯಮ ದೂರ, ಇದು ಬಹಳ ದೂರ ಓಡೋ ಸ್ಟೇಯರ್ ಅಂತ ಬೇರೆ ಮಾಡಬಹುದು ಅಂತ ತೋರಿಸಿದ್ರು, ಕುದುರೆ ಎಷ್ಟು ಒಳ್ಳೇದು ಅಂತ ಆ ಟೆಸ್ಟ್ ಹೇಳಲ್ಲ, ಎಷ್ಟು ದೂರಕ್ಕೆ ಒಳ್ಳೇದು ಅಂತ ಮಾತ್ರ ಸುಳಿವು ಕೊಡುತ್ತೆ. ಪೆಡಿಗ್ರಿ ಕಾಗದದಲ್ಲಿ ದಪ್ಪಕ್ಷರದಲ್ಲಿರೋ ಅಜ್ಜಿ ಮುತ್ತಜ್ಜಿ ಹೆಸರು ನೋಡಿ ಖುಷಿಪಡೋ ಬದಲು ಇದರ ಒಡಹುಟ್ಟಿದವು, ಅದೇ ತಾಯಿ ಹೊಟ್ಟೇಲಿ ಬಂದವು, ಎಷ್ಟು ದೂರದಲ್ಲಿ ಗೆದ್ದಾವೆ ನೋಡಿ.

ಇಷ್ಟೆಲ್ಲ ಫಾರ್ಮ್ ಮಾತಾಯ್ತು, ಕಾಲು ಸರಿ ಇಲ್ಲ ಅಂದ್ರೆ ಇದೆಲ್ಲ ಗಾಳಿಗೆ ಹೋಯ್ತು. ಮುಂಗಾಲಿನ ಮಂಡಿ ಮೇಲೆ ಎಲುಬು ಬೆಳೆಯೋ ಜಾಗ ಕೂಡ್ಕೊಳೋಕೆ ಎರಡು, ಎರಡೂವರೆ ವರ್ಷ ಬೇಕು, ತಡವಾಗಿ ಹುಟ್ಟಿದ ಕುದುರೆನ ಅದಕ್ಕೆ ಮುಂಚೆನೇ ಜೋರಾಗಿ ದುಡಿಸಿದ್ರೆ ಲೆಕ್ಕ ಆಮೇಲೆ ಬರುತ್ತೆ. ನಿಮ್ಮದಕ್ಕೆ ಆ ವಯಸ್ಸು ದಾಟಿದೆ, ಆದ್ರೂ ಮಂಡಿಗೆ ಒಂದು ಎಕ್ಸ್‌ರೇ ತೆಗೆಸಿ ಇಟ್ಕೊಳಿ. ಶಿನ್ ಸೋರ್ ಆಗಿತ್ತಾ, ಅಂದ್ರೆ ಮುಂಗಾಲಿನ ಕೆಳಗಿನ ಎಲುಬು ಮುಂಭಾಗ ಮುಟ್ಟಿದ್ರೆ ನೋವಾಗ್ತಿತ್ತಾ, ಕೇಳಿ. ಆಗಿ ವಾಸಿ ಆಗಿದ್ರೆ ಹೆದರ್ಬೇಕಿಲ್ಲ, ಎಳೇ ಕುದುರೇಲಿ ಮಾಮೂಲು. ಆ ಕಾಲಿನ ಹಿಂಭಾಗದ ಸ್ನಾಯುರಜ್ಜು, ಅಂದ್ರೆ ಟೆಂಡನ್, ವರ್ಕ್ ಆದ ಮಾರನೇ ದಿನ ಬೆಳಿಗ್ಗೆ ಕೈ ಇಟ್ರೆ ಬಿಸಿ ಇದ್ಯಾ, ಅದಕ್ಕೆ ಮಾತ್ರ ಹೆದರ್ಬೇಕು.

ಇದನ್ನೆಲ್ಲ ಯಾರನ್ನ ಕೇಳ್ಬೇಕು ಅಂದ್ರೆ ಸೈಸ್‌ನ, ಅಂದ್ರೆ ಲಾಯದಲ್ಲಿ ಕುದುರೆ ನೋಡ್ಕೊಳೋ ಆಳನ್ನ, ಕೇಳಿ. ಟ್ರೈನರ್ ಹತ್ರ ಹತ್ತಾರು ಕುದುರೆ ಇರ್ತಾವೆ, ಸೈಸ್ ಅದರ ಜೊತೆನೇ ಬಾಳ್ವೆ ಮಾಡ್ತಾನೆ. ರೇಸಾದ ರಾತ್ರಿ ಓಟ್ಸ್ ಪೂರ್ತಿ ತಿಂತಾ, ಮುಸುಡಿ ತಿರುಗಿಸಿತ್ತಾ? ಲೂಸರ್ನ್ ಸೊಪ್ಪು, ನಮ್ಮ ಕಡೆ ಕುದುರೆ ಮಸಾಲೆ ಅಂತೀವಲ್ಲ, ಅದನ್ನಾದ್ರೂ ಮುಟ್ತಾ? ಎಷ್ಟನೇ ದಿನಕ್ಕೆ ಮತ್ತೆ ಲಾಯದಲ್ಲಿ ಕಿತಾಪತಿ ಶುರು ಮಾಡ್ತು? ಹೆಣ್ಣು ಕುದುರೆ ತಟ್ಟೆ ಬಿಟ್ಟು ನಿಂತ್ರೆ ಮುಂದಿನ ರೇಸು ಸೋತಂಗೇ ಅಂತ ನನಗೆ ಕಲಿಸಿದ್ದು ಮೈಸೂರಿನ ಒಬ್ಬ ಹಳೇ ಸೈಸ್, ಯಾವ ಡಾಕ್ಟ್ರೂ ಅಲ್ಲ. ಸಾಧ್ಯ ಆದ್ರೆ ಮೂರೂ ರೇಸಿನ ಮುಂಚೆ ಎಷ್ಟು ತೂಕ ಇತ್ತು ಕೇಳಿ. ಜನವರಿಯಿಂದ ಜೂನಿಗೆ ಇಪ್ಪತ್ತು ಕೆಜಿ ಏರಿ, ಪಕ್ಕೆ ನೋಡಿದ್ರೆ ಕೊಬ್ಬಲ್ಲ ಮಾಂಸಖಂಡ ಅನ್ನೋ ಹಾಗಿದ್ರೆ ಅದು ಇನ್ನೂ ಬೆಳೀತಿದೆ ಅಂತ.

ಮಾರೋದಾ ಬೇಡ್ವಾ? ಫ್ರೆಂಡ್ ಹೇಳೋದ್ರಲ್ಲಿ ಅರ್ಧ ನಿಜ ಇದೆ. ಚೆನ್ನಾಗಿ ಸೆಕೆಂಡ್ ಬಂದ ಮೇಡನ್‌ಗೆ ಸಿಗೋ ರೇಟು ಅದು ಮುಂದಿನ ಎರಡು ರೇಸಲ್ಲಿ ಸೋತ್ರೆ ಸಿಗಲ್ಲ, ಲಾಯದ ಬಿಲ್ ಮಾತ್ರ ಗೆದ್ರೂ ಸೋತ್ರೂ ಒಂದನೇ ತಾರೀಕಿಗೆ ಬರುತ್ತೆ, ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು ಅಂತ ಗಾದೆ ಸುಮ್ನೆ ಮಾಡಿಲ್ಲ. ಆದ್ರೆ ಕಲೀತಿರೋ, ಬೆಳೀತಿರೋ, ಇನ್ನೂ ಸರಿಯಾದ ದೂರದಲ್ಲಿ ಒಂದ್ಸಲನೂ ಓಡಿಲ್ಲದ ಕುದುರೆನ ಮಾರೋಕೆ ಇದು ಟೈಮ್ ಅಲ್ಲ ಅನ್ನೋದು ನನ್ನ ಅಭಿಪ್ರಾಯ. ನನ್ನ ಅಂದಾಜಲ್ಲಿ ಇದು 1400-1600ರಲ್ಲಿ ಮೂರ್ನಾಲ್ಕು ರೇಸ್ ಗೆದ್ದು ತನ್ನ ಖರ್ಚು ತಾನು ನೋಡ್ಕೊಳೋ ಫಿಲ್ಲಿ. ಡರ್ಬಿ ಅಲ್ಲ. ಫಿಲ್ಲಿಗಳಿಗೇ ಅಂತ ಇರೋ 1600 ಮೀಟರಿನ ಒಳ್ಳೆ ರೇಸಿಗೆ ಕನಸು ಕಾಣೋದಾದ್ರೆ ಕಾಣಿ.

ಈಗ ಮಾಡ್ಬೇಕಾದ್ದು, ಎಕ್ಸ್‌ರೇ ತೆಗೆಸಿ, ನಾಲ್ಕು ವಾರ ಬಿಟ್ಟು 1400 ಮೀಟರ್ ಮೇಡನ್ ಒಂದಕ್ಕೆ ಹಾಕಿ, ಬೆಂಗಳೂರಲ್ಲಿ ಸಿಕ್ಕದಿದ್ರೆ ಮೈಸೂರಲ್ಲಿ. ಬ್ಲಿಂಕರ್ಸ್ ಇರ್ಲಿ. ಜಾಕಿಗೆ ಸ್ವಲ್ಪ ಮುಂದೆ ಕೂರಿಸು, ಹಿಂದೆ ಬಿಟ್ಟು ಬರಬೇಡ ಅಂತ ಟ್ರೈನರ್ ಬಾಯಲ್ಲಿ ಹೇಳಿಸಿ, ನೀವು ಪ್ಯಾಡಾಕಲ್ಲಿ ನೇರವಾಗಿ ಹೇಳೋಕೆ ಹೋಗ್ಬೇಡಿ, ಟ್ರೈನರಿಗೆ ಸಿಟ್ಟು ಬರುತ್ತೆ. ಆ ರೇಸಿನ ವಿಡಿಯೋನೂ, ಜೂನಲ್ಲಿ ಜೊತೆಗೆ ಓಡಿದ ಕುದುರೆಗಳ ಆ ನೋಟ್‌ಬುಕ್ಕಿನ ಫೋಟೋನೂ ಕಳ್ಸಿ, ಎಡಗಾಲಿಗೆ ಎಲ್ಲಿ ಬದಲಾಯಿಸ್ತು ಅಂತ ಮೊದಲು ನೋಡ್ತೀನಿ.